ಮೂವತ್ತೊಂದನೇ ಚೀಟಿ

ನಾನು ಈವರೆಗೆ ಯಾವ ವಸ್ತುವನ್ನೂ ಕಳೆದುಕೊಂಡವನಲ್ಲ. ರೈಲಿನಲ್ಲಿ ಕೊಡೆ ಮರೆತವರ ಕಥೆಯನ್ನೂ ಕನ್ನಡಕವನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ಹುಡುಕಿದವರ ಕಥೆಯನ್ನೂ ಕೇಳಿ ಜನ ನಗುತ್ತಾರೆ. ನನಗೆ ನಗು ಬರುವುದಿಲ್ಲ, ಕೋಪ ಬರುತ್ತದೆ. ನನ್ನ ಕೊಡೆಗೆ ಒಂದು ಮೊಳೆ ಇದೆ. ಕನ್ನಡಕಕ್ಕೆ ಒಂದು ಡಬ್ಬಿ, ಆ ಡಬ್ಬಿಗೆ ಗೋಡೆಯಲ್ಲಿ ಒಂದು ಗೂಡು ಇದೆ. ಐದಕ್ಕೆ ಏಳುತ್ತೇನೆ, ಐದೂಮುಕ್ಕಾಲಿಗೆ ತಣ್ಣೀರ ಸ್ನಾನ ಮುಗಿಸುತ್ತೇನೆ, ಏಳಕ್ಕೆ ಒಂದು ಲೋಟ ಕಾಫಿ. ಏಳೂ ಐದಕ್ಕೆ ಬಂದ ಕಾಫಿಯನ್ನು ನಾನು ಕುಡಿಯುವುದಿಲ್ಲವೆಂದು ನನ್ನ ಹೆಂಡತಿ ನೆರೆಹೊರೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ. ಅದು ಸುಳ್ಳು. ಕುಡಿಯುತ್ತೇನೆ, ಮಾತಾಡುವುದಿಲ್ಲ ಅಷ್ಟೆ. ಒಮ್ಮೆ ಅಡಿಗೆಮನೆಯ ಡಬ್ಬಿಗಳಿಗೆಲ್ಲ ನಂಬರು ಬರೆದು ಅಂಟಿಸಿ, ಪಟ್ಟಿಯೊಂದನ್ನು ಬಾಗಿಲ ಹಿಂದೆ ತೂಗುಹಾಕಿದ್ದೆ. ನಾಲ್ಕನೇ ದಿನ ಅವಳು ಪಟ್ಟಿಯನ್ನು ಒಲೆಗೆ ಹಾಕಿ, "ಎಂಟನೇ ನಂಬರು ಮುಗಿದಿದೆ ಅಂದ್ರೆ ಅಂಗಡಿಯೋರು ಮೆಂತ್ಯ ಕಟ್ಟಿಕೊಡ್ತಾರಾ? ಮೆಂತ್ಯ ಅಂದ್ರೆ ಮೆಂತ್ಯ ಕೊಡ್ತಾರೆ, ಸುಮ್ನಿರಿ" ಎಂದಳು. ಅವಳ ಡಬ್ಬಿಗಳಲ್ಲಿ ಇವತ್ತಿಗೂ ಯಾವುದು ಎಲ್ಲಿದೆಯೆಂದು ನನಗೆ ತಿಳಿಯದು. ಆದರೆ ಅವಳ ಕೈಗೆ ಬೇಕಾದದ್ದು ಬೇಕಾದ ಕ್ಷಣಕ್ಕೆ ಸಿಗುತ್ತದೆ. ಇದನ್ನು ನಾನು ಬಹಳ ವರ್ಷ ಅದೃಷ್ಟವೆಂದುಕೊಂಡಿದ್ದೆ.

ಈ ಶಿಸ್ತು ನನಗೆ ಬಂದದ್ದು ಹೊಳೆಹೊನ್ನೂರಿನ ಶಾಲೆಯಿಂದ. ಅಲ್ಲಿ ನಮ್ಮ ಹೆಡ್ಮೇಷ್ಟ್ರು ನೀರಿನ ಗಡಿಗೆಯನ್ನು ಬಾಗಿಲ ಹತ್ತಿರ ಇಡಿಸಿ, ಮಧ್ಯಾಹ್ನದ ಗಂಟೆ ಬಾರಿಸಿದ ಮೇಲೆ ನಮ್ಮನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಸಾಲು ಬಿಟ್ಟು ಮುಂದೆ ಬಂದವನು ಬಾಲಕ್ಕೆ ಹೋಗಬೇಕು. ಒಂದು ಬೇಸಗೆಯಲ್ಲಿ ನಾನು ಬಾಲದಲ್ಲಿದ್ದೆ. ನನ್ನ ಸರದಿ ಬರುವಷ್ಟರಲ್ಲಿ ಗಡಿಗೆ ಬರಿದಾಗಿತ್ತು. ಹೆಡ್ಮೇಷ್ಟ್ರು ನನ್ನ ಒಣಗಿದ ತುಟಿಗಳನ್ನು ನೋಡಿ, "ನೋಡ್ರೋ ಇವನನ್ನ, ಒಂದು ಹೆಜ್ಜೆ ಮುಂದೆ ಬರಲಿಲ್ಲ" ಎಂದು ಇಡೀ ಶಾಲೆಯ ಮುಂದೆ ಹೊಗಳಿದರು. ನೀರು ಸಿಗಲಿಲ್ಲ, ಹೊಗಳಿಕೆ ಸಿಕ್ಕಿತು. ಅಂದಿನಿಂದ ನನಗೆ ಹೊಗಳಿಕೆಯೇ ನೀರಾಗಿಬಿಟ್ಟಿತು.

ಇಂಥವನನ್ನು ಶಿವಮೊಗ್ಗದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೂರಿಸಿದರು. ನಾನು ಬರುವ ಮುಂಚೆ ಅಲ್ಲಿ ಪುಸ್ತಕ ತರಿಸುವ ರೀತಿ ಹೇಗಿತ್ತೆಂದರೆ, ಯಾವ ಮೇಷ್ಟ್ರಿಗೆ ಯಾವ ಪುಸ್ತಕ ಬೇಕೋ ಅದನ್ನು ಪಡಸಾಲೆಯಲ್ಲಿ ನಡೆದುಹೋಗುವಾಗ ಕೂಗಿ ಹೇಳುತ್ತಿದ್ದರು. ಕೆಲವರು ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಬರೆದು ಕೊಡುತ್ತಿದ್ದರು. ಇತಿಹಾಸದವರೊಬ್ಬರು ನಶ್ಯದ ಪೊಟ್ಟಣದ ಕಾಗದದ ಮೇಲೆ ಬರೆದದ್ದನ್ನು ಓದಹೋಗಿ ನಾನು ಹನ್ನೊಂದು ಸಲ ಸೀನಿದ್ದೇನೆ. ಹೀಗಾಗಿ ತರ್ಕಶಾಸ್ತ್ರದ ಒಂದೇ ಪುಸ್ತಕ ಮೂರು ಸಲ ಬಂದಿತ್ತು. ಗಣಿತದವರು ಕೇಳಿದ್ದು ಒಂದು ಸಲವೂ ಬಂದಿರಲಿಲ್ಲ. ನಾನು ಹೋದ ತಿಂಗಳಲ್ಲೇ ಬೇಡಿಕೆ ಚೀಟಿಯೊಂದನ್ನು ಅಚ್ಚು ಹಾಕಿಸಿದೆ. ಒಂದು ದೊಡ್ಡ ರಿಜಿಸ್ಟರು ಹೊಲಿಸಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು ಹನ್ನೊಂದು ಕಾಲಂ ಮಾಡಿದೆ. ಚೀಟಿ ಬಂದ ದಿನ, ಕೇಳಿದವರ ಹೆಸರು, ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ನಮ್ಮಲ್ಲಿ ಈಗಾಗಲೇ ಇಲ್ಲವೆಂಬ ಖಾತ್ರಿ, ಪ್ರಿನ್ಸಿಪಾಲರ ರುಜು, ಕಮಿಟಿಯ ರುಜು, ಅಂಗಡಿಗೆ ಬರೆದ ದಿನ, ಪುಸ್ತಕ ಬಂದ ದಿನ. ಕೊನೆಯದಾಗಿ ಹನ್ನೊಂದನೆಯದು, ಕೇಳಿದವರು ಬಂದ ಪುಸ್ತಕದ ಪುಟಗಳನ್ನು ತಿರುವಿ, ಹರಿದಿಲ್ಲ, ಚಿತ್ರಗಳು ಬಿಟ್ಟುಹೋಗಿಲ್ಲ ಎಂದು ಪರೀಕ್ಷಿಸಿ ಹಾಕುವ ರುಜು. ಯಾರು ಬಂದು "ನನ್ನ ಪುಸ್ತಕ ಏನಾಯ್ತು?" ಎಂದರೂ ಅರ್ಧ ನಿಮಿಷದಲ್ಲಿ ರಿಜಿಸ್ಟರು ತೆರೆದು ಚೀಟಿ ಈಗ ಯಾವ ಮೇಜಿನ ಮೇಲಿದೆಯೆಂದು ಹೇಳುತ್ತಿದ್ದೆ. ಕೇಳಿದವರು ಬೆರಗಾಗಿ ಹೋಗುತ್ತಿದ್ದರು. ಪುಸ್ತಕ ಸಿಗದೆಯೇ ಹೋಗುತ್ತಿದ್ದರು ಎಂಬುದು ನನ್ನ ಗಮನಕ್ಕೆ ಬರಲಿಲ್ಲ.

ಸಸ್ಯಶಾಸ್ತ್ರದ ಚನ್ನಬಸಪ್ಪ ಮೇಷ್ಟ್ರು ಕುಂಸಿ ಕಡೆಯವರು. ಜೇಬಿನಲ್ಲಿ ಯಾವಾಗಲೂ ಎಲೆ, ಬೇರು, ಒಮ್ಮೊಮ್ಮೆ ಅವುಗಳ ಜೊತೆ ಬಂದ ಇರುವೆ ಇಟ್ಟುಕೊಂಡು ತಿರುಗುತ್ತಿದ್ದವರು. ಲೈಬ್ರರಿಯ ಪುಸ್ತಕಗಳ ನಡುವೆ ಸೊಪ್ಪು ಒಣಗಿಸಲು ಇಡುತ್ತಾರೆಂದು ನಮ್ಮಿಬ್ಬರಿಗೂ ಹಳೆಯ ಜಗಳ. ಎರಡನೇ ಮಹಾಯುದ್ಧ ಶುರುವಾದ ಮೇಲಿನ ಒಂದು ಮಧ್ಯಾಹ್ನ ಅವರು ನನ್ನ ಮೇಜಿನ ಮುಂದೆ ಬಂದು ನಿಂತು, ಎಂದೂ ಇಲ್ಲದಂತೆ ಚೀಟಿಯನ್ನು ನೀಟಾಗಿ ಬರೆದು ಕೊಟ್ಟರು. ನಮ್ಮ ಸೀಮೆಯ ಕಾಡುಹೂಗಳ ಬಣ್ಣದ ಚಿತ್ರಗಳಿರುವ ದೊಡ್ಡ ಪುಸ್ತಕ. ಮದರಾಸಿನಲ್ಲಿ ಓದುವಾಗ ಒಂದೇ ಒಂದು ಮಧ್ಯಾಹ್ನ ಅದನ್ನು ನೋಡಿದ್ದರಂತೆ. ಆಮೇಲೆ ಊರಿಗೆ ಬಂದು, ಕುಂಸಿಯ ಆಚೆ ಒಂದು ಹಳ್ಳದ ಬಂಡೆಯ ಮೇಲೆ ಮೂಗುಬೊಟ್ಟಿನಷ್ಟು ಚಿಕ್ಕ ನೀಲಿ ಹೂವೊಂದನ್ನು ಕಂಡರು. ಇಪ್ಪತ್ತು ವರ್ಷ ಸಿಕ್ಕ ಪುಸ್ತಕದಲ್ಲೆಲ್ಲ ಹುಡುಕಿದರೂ ಅದರ ಹೆಸರು ಸಿಗಲಿಲ್ಲ. ಇದ್ದರೆ ಆ ಒಂದು ಪುಸ್ತಕದಲ್ಲಿರಬೇಕು. ಅದರಲ್ಲೂ ಇಲ್ಲವೆಂದರೆ ಆ ಹೂವನ್ನು ಅವರಿಗಿಂತ ಮುಂಚೆ ಯಾರೂ ಗುರುತಿಸಿಲ್ಲವೆಂದೇ ಲೆಕ್ಕ.

"ಒಣಗಿಸಿಟ್ಟಿದ್ದು ಮನೇಲಿದೆ ನಂಜುಂಡಯ್ಯನವರೇ, ಆದರೆ ಒಣಗಿದ್ದಕ್ಕೆ ಬಣ್ಣ ನಿಲ್ಲಲ್ಲ. ಬಣ್ಣ ಇರೋದು ನನ್ನ ಕಣ್ಣಲ್ಲಿ. ಡಾಕ್ಟ್ರು ನೋಡಿದ್ರೆ ಕಣ್ಣಿನ ನರ ಒಣಗ್ತಾ ಇದೆ, ಇನ್ನೊಂದು ವರ್ಷ ಅಂದಿದಾರೆ. ಸ್ವಲ್ಪ ಬೇಗ ತರಿಸಿಕೊಡಿ ಮಾರಾಯ್ರೆ" ಎಂದರು.

ನಾನು ಚೀಟಿಯನ್ನು ಮೇಲಿಂದ ಕೆಳಗೆ ಓದಿದೆ. ಪ್ರಕಾಶಕರ ಹೆಸರಿನ ಜಾಗ ಖಾಲಿ ಇತ್ತು.

"ಇದು ತುಂಬಿಲ್ಲವಲ್ಲ ಮೇಷ್ಟ್ರೇ."

"ನೆನಪಿಲ್ಲ. ಒಂದು ಮಧ್ಯಾಹ್ನ ನೋಡಿದ್ದು. ಹೂ ನೋಡಿದ್ನೇ ಹೊರತು ಅಚ್ಚು ಹಾಕಿದೋರ ಹೆಸರು ನೋಡಲಿಲ್ಲ."

"ನೋಡಬೇಕಿತ್ತು" ಎಂದು ಚೀಟಿಯನ್ನು ವಾಪಸು ಕೊಟ್ಟೆ.

ಅವರು ಮದರಾಸಿನ ಹಳೆಯ ಸ್ನೇಹಿತರೊಬ್ಬರಿಗೆ ಕಾಗದ ಬರೆದು, ಉತ್ತರಕ್ಕೆ ಕಾದು, ಮೂರು ವಾರದ ಮೇಲೆ ಜಾಗ ತುಂಬಿಸಿಕೊಂಡು ಬಂದರು. ಮೊದಲ ಸಲ ತಂದಾಗ ಅದು ಹತ್ತೊಂಬತ್ತನೇ ಚೀಟಿಯಾಗುತ್ತಿತ್ತು. ಈಗ ಮೂವತ್ತೊಂದು. "ಹಳೇ ನಂಬರೇ ಕೊಡಬಹುದಲ್ಲ" ಎಂದರು. ವಾಪಸು ಹೋದ ಚೀಟಿ ಹೊಸದಾಗಿ ಸಾಲಿನ ಕೊನೆಗೇ ನಿಲ್ಲಬೇಕೆಂಬುದು ನಿಯಮ ಎಂದೆ. ಯಾರ ನಿಯಮವೆಂದು ಅವರು ಕೇಳಲಿಲ್ಲ. ಕೇಳಿದ್ದರೆ ನನ್ನ ಹೆಸರನ್ನೇ ಹೇಳಬೇಕಾಗುತ್ತಿತ್ತು.

ನಮ್ಮ ಲೈಬ್ರರಿ ಕಮಿಟಿಗೆ ಹೊರಗಿನ ಸದಸ್ಯರೊಬ್ಬರಿದ್ದರು, ಭದ್ರಾವತಿಯ ಕಾರ್ಖಾನೆಯಲ್ಲಿ ದೊಡ್ಡ ಇಂಜಿನಿಯರು. ಎಂಟನೇ ಕಾಲಮ್ಮಿನ ರುಜು ಅವರದು. ಪ್ರತಿ ತಿಂಗಳು ಎರಡನೇ ಶನಿವಾರ ಬೆಳಗಿನ ರೈಲಿಗೆ ನಾನು ಭದ್ರಾವತಿಗೆ ಹೋಗಿ, ಹತ್ತು ಚೀಟಿಗೆ ರುಜು ಹಾಕಿಸಿಕೊಂಡು ಬರುತ್ತಿದ್ದೆ. ಹತ್ತು ಎಂಬುದು ನಾನೇ ಮಾಡಿದ ವ್ಯವಸ್ಥೆ. ದೊಡ್ಡ ಮನುಷ್ಯರ ಮುಂದೆ ಕಾಗದದ ರಾಶಿ ಸುರಿಯಬಾರದು, ಹತ್ತಾದರೆ ಲೆಕ್ಕಕ್ಕೂ ಸುಲಭ ಎಂದು. ಆದರೆ ಉಳಿದ ಚೀಟಿಗಳನ್ನು ಶಿವಮೊಗ್ಗದಲ್ಲಿ ಬಿಟ್ಟು ಹೋಗಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ರಿಜಿಸ್ಟರು, ಚೀಟಿಗಳ ಎಲ್ಲ ಕಟ್ಟುಗಳು, ಶಾಯಿ ಕುಡಿಕೆ ಸಮೇತ ನನ್ನ ಚೀಲದಲ್ಲೇ ಇರುತ್ತಿದ್ದವು. ರೈಲಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ ನನ್ನನ್ನು ನೋಡಿ, ತಮಿಳು ಮಾತಾಡುವ ಕಾರ್ಖಾನೆಯ ಕೆಲಸಗಾರರೊಬ್ಬರು ಒಳಗೆ ಕೋಳಿ ಇದೆಯೇ ಎಂದು ಕೈಸನ್ನೆ ಮಾಡಿ ಕೇಳಿದ್ದೂ ಉಂಟು.

ಆ ತಿಂಗಳ ಕಟ್ಟು ಇಪ್ಪತ್ತೊಂದರಿಂದ ಮೂವತ್ತರವರೆಗೆ. ಭದ್ರಾವತಿಯಲ್ಲಿ ಕಾರ್ಖಾನೆಯವರಿಗಾಗಿ ಕಟ್ಟಿದ ಹೊಸ ಊರಿನ ಬಂಗಲೆಯ ಮುಂಜಗಲಿಯಲ್ಲಿ ಇಂಜಿನಿಯರು ಸಾಹೇಬರು ಉಪ್ಪಿಟ್ಟು ತಿನ್ನುತ್ತಿದ್ದರು. ತಟ್ಟೆ ಸರಿಸಿ, ಪೆನ್ನು ತೆಗೆದು ಒಂದೊಂದಾಗಿ ರುಜು ಹಾಕುತ್ತ, "ಚನ್ನಬಸಪ್ಪನವರ ಹೂವಿನ ಪುಸ್ತಕ ಯಾವುದ್ರೀ ಇದರಲ್ಲಿ? ಮೊನ್ನೆ ರೈಲಲ್ಲಿ ಸಿಕ್ಕಿದ್ರು. ಕಣ್ಣು ಹೋಗ್ತಾ ಇದೆಯಂತಲ್ಲ, ಪಾಪ" ಎಂದರು.

"ಅದು ಮೂವತ್ತೊಂದು ಸಾರ್. ಈ ಸಲ ಮೂವತ್ತರವರೆಗೆ."

"ತಂದಿಲ್ವಾ?"

"ತಂದಿದೀನಿ ಸಾರ್. ಚೀಲದಲ್ಲಿದೆ."

"ಮತ್ತೆ ತೆಗೀರಿ. ಪೆನ್ನು ಕೈಲಿದೆ, ಹಾಕಿಬಿಡ್ತೀನಿ."

"ಅದರ ಸರದಿ ಮುಂದಿನ ತಿಂಗಳು ಸಾರ್. ಒಬ್ಬರದ್ದು ತೆಗೆದರೆ ನಾಳೆ ಎಲ್ಲರೂ ಕೇಳ್ತಾರೆ."

ಅವರು ಪೆನ್ನನ್ನು ಹಾಗೇ ಹಿಡಿದುಕೊಂಡು ನನ್ನ ಚೀಲವನ್ನೂ ನನ್ನನ್ನೂ ನೋಡಿದರು. ಆಮೇಲೆ ಮುಚ್ಚಳ ಹಾಕಿ, "ನಿಮ್ಮಂಥೋರು ನಮ್ಮ ಕಾರ್ಖಾನೇಲಿ ನಾಲ್ಕು ಜನ ಇದ್ದಿದ್ರೆ ನಾನು ನೆಮ್ಮದಿಯಾಗಿ ಇರಬಹುದಿತ್ತು ನಂಜುಂಡಯ್ಯನವರೇ" ಎಂದರು.

ಹೊಳೆಹೊನ್ನೂರಿನ ಗಡಿಗೆಯ ಮುಂದೆ ಕೇಳಿದ ಮಾತೇ ಇದು, ದನಿ ಮಾತ್ರ ಬೇರೆ. ನಾನು ಉಬ್ಬಿಹೋದೆ. ಮನೆಗೆ ಬಂದು ಹೆಂಡತಿಗೆ ಒಂದಕ್ಷರ ಬಿಡದೆ ಹೇಳಿದೆ. ಅವಳು ಬೇಳೆ ಆರಿಸುತ್ತಿದ್ದವಳು ತಲೆ ಎತ್ತದೆ, "ಆ ಚೀಟಿ ಎಷ್ಟು ದಪ್ಪ ಇತ್ತು?" ಎಂದು ಕೇಳಿದಳು. "ಒಂದು ಕಾಗದ, ಅದಕ್ಕೇನು ದಪ್ಪ?" ಎಂದೆ. "ಚೀಲದಿಂದ ತೆಗೆಯೋಕೆ ಅಷ್ಟು ಭಾರ ಆಯ್ತಲ್ಲ, ಅದಕ್ಕೆ ಕೇಳಿದೆ" ಎಂದಳು. ಹೆಂಗಸರಿಗೆ ಆಡಳಿತ ತಿಳಿಯುವುದಿಲ್ಲವೆಂದುಕೊಂಡು ನಾನು ರಿಜಿಸ್ಟರು ತೆರೆದು ಕೂತೆ.

ಮುಂದಿನ ಎರಡನೇ ಶನಿವಾರ ಚೀಲ ಹೊತ್ತು ಹೋದರೆ ಬಂಗಲೆಗೆ ಬೀಗ. ಸಾಹೇಬರನ್ನು ಯುದ್ಧದ ಯಾವುದೋ ಕೆಲಸಕ್ಕೆ ಉತ್ತರದ ಕಡೆ ಕಳಿಸಿದ್ದರು. ಹೊಸ ಸದಸ್ಯರನ್ನು ನೇಮಿಸಬೇಕು. ನೇಮಿಸುವ ಸಭೆ ಸೇರಬೇಕು. ಸಭೆ ಸೇರಲು ಪರೀಕ್ಷೆಗಳು ಮುಗಿಯಬೇಕು. ಮೂವತ್ತೊಂದನೇ ಚೀಟಿ ನನ್ನ ಮೇಜಿನ ಎಡಗಡೆಯ ಖಾನೆಯಲ್ಲಿ, ಮೇಲಿನಿಂದ ಮೊದಲನೆಯದಾಗಿ, ಏಳು ತಿಂಗಳು ಕೂತಿತು. ಚನ್ನಬಸಪ್ಪ ಮೇಷ್ಟ್ರು ವಾರಕ್ಕೊಮ್ಮೆ ಬರುತ್ತಿದ್ದರು. "ಎಲ್ಲಿದೆ?" ಎನ್ನುತ್ತಿದ್ದರು. "ಎಡಗಡೆ ಖಾನೆ, ಮೇಲಿನದು" ಎನ್ನುತ್ತಿದ್ದೆ. ಒಂದು ದಿನವೂ ನಾನು ತಪ್ಪು ಹೇಳಲಿಲ್ಲ. ಮೊದಮೊದಲು ಅವರು ಬಾಗಿಲಿಂದಲೇ ಕೇಳುತ್ತಿದ್ದರು; ಆಮೇಲೆ ಮೇಜಿನವರೆಗೆ ಬಂದು, ಅದರ ಅಂಚನ್ನು ಕೈಯಲ್ಲಿ ಸವರಿಕೊಂಡು ಕೇಳತೊಡಗಿದರು. ಒಂದು ಸಲ ನಾನಿರಲಿಲ್ಲ; ನನ್ನ ಖಾಲಿ ಕುರ್ಚಿಯನ್ನೇ "ಎಲ್ಲಿದೆ?" ಎಂದು ಕೇಳಿ ಸ್ವಲ್ಪ ಹೊತ್ತು ನಿಂತಿದ್ದು ಹೋದರೆಂದು ಜವಾನ ಹೇಳಿದ. ಯುಗಾದಿಯ ಹೊತ್ತಿಗೆ ಅವರು ಬರುವುದನ್ನು ನಿಲ್ಲಿಸಿದರು. ಕಾಲೇಜಿನ ಕೆಲಸವನ್ನೂ ಬಿಟ್ಟರು.

ಆ ದಿನಗಳಲ್ಲಿ ನನಗೊಂದು ಸಮಾಧಾನವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಚೀಟಿಗೆ ಅಂದೇ ರುಜು ಬಿದ್ದಿದ್ದರೂ ಯುದ್ಧಕಾಲದಲ್ಲಿ ಪುಸ್ತಕ ಹೊರದೇಶದಿಂದ ಹಡಗಿನಲ್ಲಿ ಬರಬೇಕು, ಹಡಗುಗಳೋ ಮುಳುಗುತ್ತಿವೆ, ಆದ್ದರಿಂದ ತಡ ಆಗಿಯೇ ಆಗುತ್ತಿತ್ತು ಎಂಬ ಸಮಾಧಾನ. ಇಡೀ ಯುದ್ಧವನ್ನು ನನ್ನ ಪರವಾಗಿ ಸಾಕ್ಷಿಗೆ ನಿಲ್ಲಿಸಿಕೊಂಡಿದ್ದೆ. ಕೊನೆಗೆ ಹೊಸ ಸದಸ್ಯರು ಬಂದು ರುಜು ಹಾಕಿ, ನಾನು ಬೆಂಗಳೂರಿನ ಪುಸ್ತಕದ ಅಂಗಡಿಗೆ ಬರೆದ ಒಂಬತ್ತನೇ ದಿನ ಪಾರ್ಸೆಲು ಬಂತು. ಜೊತೆಗೊಂದು ಕಾಗದ: ಈ ಪುಸ್ತಕದ ಪ್ರತಿಯೊಂದು ನಾಲ್ಕು ವರ್ಷದಿಂದ ನಮ್ಮಲ್ಲಿ ಕೊಳ್ಳುವವರಿಲ್ಲದೆ ಉಳಿದಿತ್ತು, ತಮ್ಮಿಂದ ಉಪಕಾರವಾಯಿತು. ಹಡಗು ಬೇಕಿರಲಿಲ್ಲ. ಬೆಂಗಳೂರಿನ ರೈಲು ಸಾಕಾಗಿತ್ತು. ನಾನು ಕಾಗದವನ್ನು ಮಡಿಸಿ ಕಡತಕ್ಕೆ ಸೇರಿಸಿದೆ. ಯಾವ ಕಡತವೆಂದು ಈಗಲೂ ಹೇಳಬಲ್ಲೆ.

ಹನ್ನೊಂದನೇ ಕಾಲಂ ಖಾಲಿ ಇತ್ತು. ಪುಸ್ತಕ ಬಂದ ಮೇಲೆ ಅದು ತುಂಬಬೇಕು. ಬೇರೆ ಯಾರಾದರೂ ಆಗಿದ್ದರೆ "ಸದರಿಯವರು ಕೆಲಸದಲ್ಲಿಲ್ಲ" ಎಂದು ಬರೆದು ಮುಗಿಸುತ್ತಿದ್ದರು. ನಾನು ಪುಸ್ತಕವನ್ನೂ ರಿಜಿಸ್ಟರನ್ನೂ ಚೀಲಕ್ಕೆ ಹಾಕಿಕೊಂಡು ಮೇಷ್ಟ್ರ ಮನೆಗೆ ಹೋದೆ. ಅವರು ನಡುಮನೆಯಲ್ಲಿ ಕಂಬಕ್ಕೊರಗಿ ಕೂತಿದ್ದರು. ನನ್ನ ಹೆಜ್ಜೆಯ ಸದ್ದಿಗೇ, "ಗಂಟೆ ಸರಿಯಾಗಿ ಐದೂವರೆ ಆಗಿರಬೇಕು, ನಂಜುಂಡಯ್ಯನವರು ಬಂದ್ರು" ಎಂದರು. ಪುಸ್ತಕವನ್ನು ಅವರ ತೊಡೆಯ ಮೇಲಿಟ್ಟೆ. ರಟ್ಟನ್ನು ಸವರಿದರು, ತೆರೆದು ಮೂಗಿನ ಹತ್ತಿರ ಹಿಡಿದರು, ಪುಟಗಳನ್ನು ಒಂದೊಂದಾಗಿ ಬೆರಳಲ್ಲಿ ಎಣಿಸಿದಂತೆ ತಿರುವಿದರು. ನಾನು ಬಂದ ಕೆಲಸ ಹೇಳಿದೆ.

"ಎಲ್ಲ ಚಿತ್ರ ಸರಿ ಇದೆ ಅಂತ ನಾನು ಬರೆದುಕೊಡಬೇಕಾ?" ಎಂದರು.

"ಹೌದು ಮೇಷ್ಟ್ರೇ. ನಿಯಮ."

"ಕೈ ತೋರಿಸಿ ಎಲ್ಲಿ ಅಂತ."

ಅವರ ಬೆರಳನ್ನು ಹಿಡಿದು ಕಾಲಮ್ಮಿನ ಮೇಲಿಟ್ಟೆ. ಅವರು ರುಜು ಮಾಡಿದರು. ಹನ್ನೊಂದರಲ್ಲಿ ಶುರುವಾದ ಹೆಸರು ಗೆರೆ ದಾಟಿ, ಇಳಿಜಾರಾಗಿ, ಕೆಳಗಿನ ಮೂರು ಚೀಟಿಗಳ ಮನೆಯೊಳಗೆ ನುಗ್ಗಿ ಪುಟದ ತುದಿಯಲ್ಲಿ ನಿಂತಿತು. ಬೇರೆ ದಿನವಾಗಿದ್ದರೆ ಆ ಹಾಳೆಯನ್ನೇ ಹೊಸದಾಗಿ ಬರೆಯುತ್ತಿದ್ದೆ.

"ಈಗ ಕೂತ್ಕೊಳ್ಳಿ. ನಿಮ್ಮ ಕೆಲಸ ಆಯ್ತು, ನನ್ನದು ಮಾಡಿ. ಕಣ್ಣು ನಿಮಗೊಬ್ಬರಿಗೇ ಇರೋದು" ಎಂದು ಪುಸ್ತಕವನ್ನು ನನ್ನ ಕಡೆ ತಳ್ಳಿದರು. ಹೀಗೆ ನಾನು ದಿನವೂ ಐದೂವರೆಗೆ ಅವರ ಮನೆಗೆ ಹೋಗಿ, ದಿನಕ್ಕೆ ನಾಲ್ಕರಂತೆ ಚಿತ್ರಗಳನ್ನು ವಿವರಿಸಲು ಕೂತೆ. ಆಗಲೇ ಗೊತ್ತಾದದ್ದು, ಅಷ್ಟು ವರ್ಷ ಪುಸ್ತಕಗಳ ನಡುವೆ ಇದ್ದು ನಾನು ಮುಖಪುಟ, ಪ್ರಕಾಶಕರ ಹೆಸರು, ಪುಟಗಳ ಸಂಖ್ಯೆ ಬಿಟ್ಟು ಬೇರೇನನ್ನೂ ನೋಡಿಲ್ಲವೆಂದು. ಎಲೆ ಹೇಗಿದೆ ಎಂದರೆ ಹಸಿರು ಎನ್ನುತ್ತಿದ್ದೆ. ಯಾವ ಹಸಿರು ಎಂದರೆ ಎಲೆಯ ಹಸಿರು ಎನ್ನುತ್ತಿದ್ದೆ. "ಹಾಜರಿ ಕೂಗಿದ ಹಾಗೆ ಹೇಳಬೇಡಿ ಮಾರಾಯ್ರೆ, ನೋಡಿ ಹೇಳಿ" ಎಂದು ಬೈಯುತ್ತಿದ್ದರು.

ಹನ್ನೆರಡನೇ ದಿನ ಒಂದು ಚಿತ್ರ ಬಂತು. ಬಂಡೆ, ಸಣ್ಣ ಎಲೆ, ಮೂಗುಬೊಟ್ಟಿನಷ್ಟು ಹೂ. ಎಸಳು ಐದು, ಬುಡದಲ್ಲಿ ಸಣ್ಣ ಕೂದಲು. ಒಣಗಿಸಿಟ್ಟ ಹೂವನ್ನು ಪಕ್ಕದಲ್ಲಿಟ್ಟು ಎಣಿಸಿ ಹೇಳಿದೆ; ಎಣಿಸುವುದು ನನಗೆ ಬರುತ್ತದೆ. ಎಲ್ಲ ಒಂದೇ. ಮೇಷ್ಟ್ರು ನನ್ನ ಕಡೆ ಬಾಗಿ, "ಬಣ್ಣ?" ಎಂದರು.

"ನೀಲಿ."

"ಯಾವ ನೀಲಿ? ಕಮ್ಮಾರರು ಕಾಯಿಸಿದ ಕುಡುಗೋಲು ಆರ್ತಾ ಬರುವಾಗ ಅಂಚಿನಲ್ಲಿ ಒಂದು ನೀಲಿ ಬಂದು ಹೋಗುತ್ತಲ್ಲ, ಅದಾ? ಅದಾದ್ರೆ ನನ್ನ ಹೂವೇ. ಅದಲ್ಲ ಅಂದ್ರೆ ಇದರ ನೆಂಟ, ನನ್ನದು ಬೇರೆ."

ನಾನು ಅಂಥ ನೀಲಿಯನ್ನು ಜನ್ಮದಲ್ಲಿ ಕಂಡಿರಲಿಲ್ಲ. "ಶಾಯಿಯ ಹಾಗಿದೆ ಮೇಷ್ಟ್ರೇ. ಸ್ವಲ್ಪ ನೀರು ಬೆರೆಸಿದ್ದು" ಎಂದೆ.

ಅವರು ಕೈಚಾಚಿ ಒಣಗಿದ ಹೂವನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದರು. ಆಮೇಲೆ, "ಶಾಯಿ ಅಂದ್ರೆ ಅಲ್ಲ ಇರಬೇಕು. ಅಲ್ವಾ?" ಎಂದು ನನ್ನನ್ನೇ ಕೇಳಿದರು.

"ಇರಬಹುದು" ಎಂದೆ.

"ಇರಬಹುದು ಅನ್ನೋ ಕಾಲಂ ನಿಮ್ಮ ರಿಜಿಸ್ಟರಲ್ಲಿ ಇದೆಯಾ ನಂಜುಂಡಯ್ಯನವರೇ?" ಎಂದು ನಕ್ಕರು. ಆ ನಗುವಿನಲ್ಲಿ ನನ್ನ ಮೇಲೆ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ನಾನು ಹಳೇ ಭದ್ರಾವತಿಯ ಒಂದು ಕುಲುಮೆಯ ಮುಂದೆ ಮೂರು ಬೆಳಿಗ್ಗೆ ನಿಂತು ಬಂದೆ. ಕಬ್ಬಿಣ ಕೆಂಪಾಯಿತು, ಕಪ್ಪಾಯಿತು. ನಡುವೆ ಏನೋ ಒಂದು ಹೊಳೆದು ಹೋಯಿತು. ನೀಲಿಯೇ, ಆದರೆ ಅದನ್ನು ಹಿಡಿದುಕೊಂಡು ಶಿವಮೊಗ್ಗದವರೆಗೆ ತಂದು ಪುಸ್ತಕದ ಪಕ್ಕದಲ್ಲಿಡುವಷ್ಟು ಗಟ್ಟಿ ನೆನಪು ನನ್ನದಲ್ಲ. ಮಸಿ ಮೆತ್ತಿದ ಪಂಚೆಯನ್ನು ನನ್ನ ಹೆಂಡತಿ ಒಗೆಯಲು ನೆನೆಹಾಕಿದಳು. ಮರುದಿನ ಕಾಫಿಯನ್ನು ಏಳೂ ಇಪ್ಪತ್ತಕ್ಕೆ ಕೊಟ್ಟಳು. ಕುಡಿದೆ.

ಅಷ್ಟರಲ್ಲಿ ನನಗೂ ನಿವೃತ್ತಿಯಾಯಿತು. ನನ್ನ ಜಾಗಕ್ಕೆ ಶಾಂತಪ್ಪನವರು ಬಂದರು. ಎಂಟು ವರ್ಷ ನನ್ನ ಕೈಕೆಳಗೆ ಗುಮಾಸ್ತರಾಗಿ ಪಳಗಿದ ಮನುಷ್ಯ. ಬಣ್ಣಗಳನ್ನೆಲ್ಲ ಸಾಲಾಗಿ ಅಚ್ಚು ಹಾಕಿ ಒಂದೊಂದಕ್ಕೂ ಹೆಸರು ಕೊಟ್ಟಿರುವ ಪುಸ್ತಕಗಳಿವೆಯೆಂದು ಹೊಸ ಸಸ್ಯಶಾಸ್ತ್ರದ ಮೇಷ್ಟ್ರಿಂದ ತಿಳಿಯಿತು. ಅದೊಂದು ಕೈಯಲ್ಲಿದ್ದರೆ ಕುಲುಮೆಯ ಮುಂದೂ ಚಿತ್ರದ ಮುಂದೂ ಹಿಡಿದು, ನೆನಪನ್ನು ನಂಬದೆ, ಹೌದು ಅಥವಾ ಅಲ್ಲ ಎಂದು ಚನ್ನಬಸಪ್ಪನವರಿಗೆ ಹೇಳಬಹುದು. ಅವರಿಗೆ ಈಗ ಆರೋಗ್ಯವೂ ಸರಿಯಿಲ್ಲ. ಹೊಸ ಮೇಷ್ಟ್ರ ರುಜು ಹಾಕಿಸಿ, ಪ್ರಕಾಶಕರ ಹೆಸರು ಸಮೇತ ಎಲ್ಲ ಜಾಗ ತುಂಬಿ ನನ್ನ ಹೆಸರಿನಲ್ಲೇ ಚೀಟಿ ಕೊಟ್ಟೆ. ಎರಡು ತಿಂಗಳಾದ ಮೇಲೆ ವಿಚಾರಿಸಲು ಹೋದೆ.

ಶಾಂತಪ್ಪನವರು ಎದ್ದು ನಿಂತು ಕುರ್ಚಿ ಕೊಟ್ಟರು. ಅರ್ಧ ನಿಮಿಷದಲ್ಲಿ ರಿಜಿಸ್ಟರು ತೆರೆದರು. "ನಲವತ್ತೆರಡು ಸಾರ್. ಎಡಗಡೆ ಖಾನೇಲಿದೆ. ನಿಮ್ಮದು ಅಂದ್ರೆ ಏನು ಬಿಡಿ, ಬೇಕಾದ್ರೆ ಈ ಶನಿವಾರದ ಕಟ್ಟಿಗೇ ಸೇರಿಸಿಬಿಡ್ತೀನಿ" ಎಂದರು.

"ಛೇ, ಸರದಿ ಬಿಡಬೇಡಿ" ಎಂದು ನನ್ನ ಬಾಯಿ ತಾನಾಗಿ ಹೇಳಿತು. ಎದ್ದು ಹೊರಟೆ. ಬಾಗಿಲವರೆಗೆ ಹೋದವನಿಗೆ ನಡುಮನೆಯ ಕಂಬ, ಅದಕ್ಕೊರಗಿದ ಮುಖ ನೆನಪಾಯಿತು. ಅರವತ್ತು ವರ್ಷದಲ್ಲಿ ಮೊದಲ ಸಲ ಸಾಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದೆ. ವಾಪಸು ಹೋಗಿ, ದನಿ ತಗ್ಗಿಸಿ, "ಶಾಂತಪ್ಪನವರೇ, ಅದನ್ನು ಈ ಶನಿವಾರವೇ ಕಳಿಸಿಬಿಡಿ" ಎಂದೆ.

ಶಾಂತಪ್ಪನವರ ಮುಖ ಚಿಕ್ಕದಾಯಿತು. "ಸಾರ್, ನಾನು ಗೌರವಕ್ಕೆ ಹೇಳಿದ್ದು. ನೀವು ಬೇಡ ಅಂತೀರ ಅಂತ ಗೊತ್ತಿತ್ತು. ಈ ಸಲದ ಕಟ್ಟು ನಲವತ್ತರವರೆಗೆ, ನಲವತ್ತೊಂದೇ ಇನ್ನೂ ಕಾಯ್ತಾ ಇದೆ. ಒಬ್ಬರದ್ದು ತೆಗೆದ್ರೆ ನಾಳೆ ಎಲ್ಲರೂ ಕೇಳ್ತಾರೆ, ನೀವೇ ಹೇಳಿಕೊಟ್ಟಿದ್ದು" ಎಂದರು.

ಮಾತು ಸರಿಯಾಗಿಯೇ ಇತ್ತು. ತೆರೆದಿದ್ದ ರಿಜಿಸ್ಟರಿನಲ್ಲಿ ನನ್ನ ಹೆಸರು ನಲವತ್ತೆರಡರ ಸಾಲಿನಲ್ಲಿ ನೆಟ್ಟಗೆ ಕೂತಿತ್ತು. ಶಾಂತಪ್ಪನವರ ಅಕ್ಷರ ನನ್ನದಕ್ಕಿಂತ ಅಂದ. ಒಂದು ಕೊಂಬೂ ಒಂದು ದೀರ್ಘವೂ ಗೆರೆ ದಾಟಿರಲಿಲ್ಲ.